ನಾನು ತಿರುಗಿಸಿ ಹೇಳಿದ ಮಾತು

ಆ ಹುಡುಗಿ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ತಾಂಜಾನಿಯಾದಿಂದ ಕೃಷಿ ಓದಲಿಕ್ಕೆ ರಾಯಚೂರಿಗೆ ಬಂದವಳು. ಗೇಟಿಗೆ ಕಟ್ಟಿದ್ದ 'ಮನೆ ಬಾಡಿಗೆಗಿದೆ' ಬೋರ್ಡು ನೋಡಿ ಕೇಳಲು ನಿಂತಿದ್ದಳು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಅವಳಿಗೂ ಹಾಗೇ ಪರಿಚಯ ಹೇಳಿಕೊಂಡೆ, ಮಾತಿಗೇನೂ ತೊಡಕಿರಲಿಲ್ಲ. ಮಹಡಿಯ ಎರಡು ಕೋಣೆ ಖಾಲಿ ಇದ್ದವು, ಸುಣ್ಣ ಹೊಡೆಸಿ ಹದಿನೈದು ದಿನವಾಗಿತ್ತು.

"ನಮ್ಮ ನೆಂಟರು ಬರುವವರಿದ್ದಾರೆ," ಅಂದೆ.

ಅವಳು ಒಮ್ಮೆ ಬೋರ್ಡು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಥ್ಯಾಂಕ್ಸ್ ಹೇಳಿ ಹೋದಳು.

ಹಾಗೆ ಹೇಳು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಂಡ ಶಕ್ತಿನಗರದಲ್ಲಿ ಡ್ಯೂಟಿ ಮೇಲಿದ್ದರು. ಸಂಜೆ ಅವರು ಕೇಳಿದಾಗ "ಯಾರೋ ಬಂದಿದ್ರು, ಹೊಂದಲಿಲ್ಲ" ಅಂದುಬಿಟ್ಟೆ. ಬೋರ್ಡು ಮತ್ತೆ ನಾಲ್ಕು ತಿಂಗಳು ಅಲ್ಲೇ ಇತ್ತು.

ಒಂದೂವರೆ ವರ್ಷದ ಮೇಲೆ ನಮ್ಮೂರಿನ ಕೆಲವು ಗೆಳೆಯರು ಸೇರಿ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಸುಲ್ತಾನರ ಕಾಲದಲ್ಲಿ ಆಫ್ರಿಕಾದಿಂದ ಬಂದ ಹಬಶಿ ಸೈನಿಕರು ಈ ಸೀಮೆಯ ಕೋಟೆ ಕಾದವರು, ನಮ್ಮ ಮಕ್ಕಳಿಗೆ ಅದು ಗೊತ್ತೇ ಇಲ್ಲ. ಕಪ್ಪು ಜನರ ಚರಿತ್ರೆ, ಹಾಡು, ಊಟ ಎಲ್ಲವನ್ನೂ ಒಂದು ದಿನ ಊರಿಗೆ ತೋರಿಸೋಣ ಅಂತ. ಯಲ್ಲಾಪುರದ ಕಡೆಯಿಂದ ಆಫ್ರಿಕಾ ಮೂಲದ ಸಿದ್ದಿ ಹೆಣ್ಣುಮಕ್ಕಳ ಹಾಡಿನ ತಂಡ ಬಂತು. ದೇವದುರ್ಗದಿಂದ ಒಬ್ಬ ಹಿರಿಯರು ಬಂದರು. ತಮ್ಮ ಮನೆತನದ ಮೂಲಪುರುಷ ಹಬಶಿ ಸಿಪಾಯಿ ಅಂತ ಕೇಳುತ್ತ ಬೆಳೆದವರು. ಡಫ್ ಬಾರಿಸುತ್ತ ದಖನಿ ಉರ್ದುವಿನಲ್ಲಿ ಹಾಡಿದರು. ಆಫ್ರಿಕಾದ ವಿದ್ಯಾರ್ಥಿಗಳು ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತಿರುವಿ ಉಗಾಲಿ ಮಾಡಿದ್ದರು. ತಟ್ಟೆ ಹಿಡಿದು ನಿಂತ ಒಬ್ಬಾಕೆ "ಅಯ್ಯ, ಇದು ನಮ್ಮ ಸಂಗಟಿ ಮುದ್ದೀನ ಐತಲ್ಲ!" ಅಂದಾಗ ಸಾಲಿಗೆ ಸಾಲೇ ನಕ್ಕಿತು.

ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಆಡಿದ್ದನ್ನು ವೇದಿಕೆ ಮೇಲೆ ನಿಂತು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮೂರನೆಯವಳಾಗಿ ಮೈಕಿನ ಮುಂದೆ ಬಂದವಳು ಅವಳೇ. ನನಗೆ ಗುರುತು ಸಿಕ್ಕಿತು. ಅವಳು ಎಲ್ಲರಿಗೂ ಮಾಡುವಂತೆ ನನಗೂ ನಮಸ್ಕಾರ ಮಾಡಿದಳು.

ಸಿದ್ದಿ ಹೆಣ್ಣುಮಕ್ಕಳನ್ನು ಕಂಡಾಗ ತನ್ನ ಚಿಕ್ಕಮ್ಮಂದಿರನ್ನು ಕಂಡಷ್ಟು ಖುಷಿಯಾಯಿತು ಅಂದಳು. ಅದನ್ನು ಚೆನ್ನಾಗಿಯೇ ಹೇಳಿದೆ. ಆಮೇಲೆ ಅವಳು ಹೇಳಿದ್ದು ಇಷ್ಟು: "ಮೊದಲ ತಿಂಗಳು ಈ ಊರಲ್ಲಿ ಎಷ್ಟೋ ಮನೆ ಕೇಳಿದೆ. ಒಬ್ಬ ಟೀಚರು, ನೆಂಟರು ಬರುತ್ತಾರೆ ಅಂದರು. ಆಗ ನಾನು ದಿನಾ ಓಡಾಡುತ್ತಿದ್ದ ದಾರಿ ಅದೇ. ಬೋರ್ಡು ಹಾಗೇ ಇತ್ತು, ನೆಂಟರು ಬರಲಿಲ್ಲ. ಇವತ್ತು ನಮ್ಮ ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದೀರಿ, ಸಂತೋಷ. ನಾಳೆ ಬಂದು ಮನೆ ಕೇಳಿದರೆ ಕೊಡುತ್ತೀರಾ?"

ಹೆಸರು ಹೇಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಸಭೆಯನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿ ನಮ್ಮ ಓಣಿಯವರಿದ್ದರು, ಅವರ ಹಿಂದೆ ನನ್ನ ವಿದ್ಯಾರ್ಥಿನಿಯರು.

"ಬಂದ ಹೊಸದರಲ್ಲಿ ಮನೆಗಾಗಿ ಸ್ವಲ್ಪ ಓಡಾಡಬೇಕಾಯಿತಂತೆ," ಅಂದೆ. "ಆದರೆ ಈ ಊರಿನ ಜನರ ಪ್ರೀತಿಯನ್ನು ಎಂದೂ ಮರೆಯುವುದಿಲ್ಲ ಅನ್ನುತ್ತಾರೆ."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅವಳು ನನ್ನನ್ನೇ ನೋಡಿದಳು. ಮೈಕು ಮುಂದಿನವರಿಗೆ ಬಿಟ್ಟು ಕೆಳಗಿಳಿದಳು.

ಊಟದ ಹೊತ್ತಿಗೆ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದೆ. ಹಿಂದಿನಿಂದ ದನಿ ಬಂತು.

"ಅಕ್ಕೋರ, ನಾ ಹಂಗ ಹೇಳಿದ್ದಿಲ್ಲಲ್ರೀ."

ಅಪ್ಪಟ ನಮ್ಮ ಕಡೆಯ ಕನ್ನಡ. ತಿರುಗಿ ನೋಡಿದೆ, ಅವಳೇ.

"ನಿನಗೆ ಕನ್ನಡ..."

"ಓದಿನ ಸಲುವಾಗಿ ಮಾನ್ವ್ಯಾಗ ಭತ್ತದ ಹೊಲದಾಗ ಕೆಲಸ ಮಾಡಾಕತ್ತೀನ್ರಿ. ಕಸ ತೆಗಿಯೋ ಹೆಣ್ಮಕ್ಕಳು ಕಲಿಸ್ಯಾರ."

"ಟೈಮ್ ಇರಲಿಲ್ಲಮ್ಮ, ಅದಕ್ಕೇ ಚಿಕ್ಕದು ಮಾಡಿ ಹೇಳಿದೆ," ಅಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು. ಅವಳು ಕೈ ತೊಳೆದುಕೊಂಡು ಹೋದಳು.

ಎಂಟು ದಿನ ಅನ್ನ ಸೇರಲಿಲ್ಲ ಅಂದರೆ ಅದೂ ಸುಳ್ಳಾದೀತು. ಉಂಡೆ, ಪಾಠ ಮಾಡಿದೆ. ಆದರೆ ತರಗತಿಯಲ್ಲಿ ಒಂದು ವಾಕ್ಯ ಕನ್ನಡಕ್ಕೆ ತಿರುಗಿಸಿ ಹೇಳುವಾಗಲೆಲ್ಲ ನಾಲಿಗೆ ತಡೆಯುತ್ತಿತ್ತು. ಅವಳ ಜೊತೆಯವರಿಂದ ವಿಳಾಸ ಕೇಳಿಕೊಂಡು ಒಂದು ಶನಿವಾರ ಮಾನ್ವಿಯ ಬಸ್ಸು ಹತ್ತಿದೆ. ಅವಳು ಅಲ್ಲಿ ಕುರಿ ಸಾಕುವ ಒಂದು ಮನೆಯಲ್ಲಿದ್ದಳು. ಮನೆಯ ಯಜಮಾನಿ ಗಂಡ ತೀರಿಕೊಂಡಾಕೆ. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿ, ಚಹಾ ಕೊಟ್ಟು, "ಭಾಳ ಶಾಣೇ ಹುಡುಗಿ ಐತ್ರಿ ನಮ್ದು. ನಿಮ್ಮ ಕಡಿ ಕಲಿತೈತೇನ್ರಿ?" ಅಂದರು. ನಾನು ಚಹಾದ ಲೋಟ ಎತ್ತಿಕೊಂಡೆ.

ಹುಡುಗಿ ಹೊಲದಿಂದ ಬಂದಳು. ಕೆಸರು ತೊಳೆದುಕೊಂಡು ನನ್ನೆದುರು ಕೂತಳು. ಮನೆ ಇಲ್ಲ ಅಂದವಳು ನಾನೇ, ಮಾತು ತಿರುಚಿದವಳೂ ನಾನೇ, ತಪ್ಪಾಯಿತು ಅಂದೆ.

"ಮನಿ ವಿಷಯ ನಮ್ಮಿಬ್ಬರದು, ಅದು ಹೋಗ್ಲಿ ಬಿಡ್ರಿ," ಅಂದಳು. "ಆದ್ರ ನಾ ಕೇಳಿದ್ದು ಆ ಮಂದಿನ್ನ. ಅವ್ರಿಗೆ ಅದು ಮುಟ್ಟೇ ಇಲ್ಲ. ನನಗ್ಯಾಕ ಹೇಳ್ತೀರಿ? ಅವ್ರಿಗೆ ಹೇಳ್ರಿ."

ಅವಳ ಓದು ಮುಗಿಯಿತು, ತನ್ನ ದೇಶಕ್ಕೆ ಹೋದಳು. ಮರುವರ್ಷ ಮತ್ತೆ ಕಾರ್ಯಕ್ರಮದ ತಯಾರಿ ಶುರುವಾದಾಗ ನಡೆದದ್ದನ್ನೆಲ್ಲ ಗೆಳೆಯರ ಮುಂದೆ ಹೇಳಿದೆ. ಒಬ್ಬರು ನಕ್ಕು, "ಛಲೋನೇ ಮಾಡೀರಿ ಮೇಡಮ್. ಊರ ಮರ್ಯಾದಿ ಉಳಿಸಿದ್ರಿ," ಅಂದರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಎರಡು ನಿಮಿಷ ಮಾತಾಡಲು ಬಿಡಿ ಅಂತ ಹಟ ಹಿಡಿದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅರ್ಧ ಕುರ್ಚಿಗಳು ಖಾಲಿ. ಹಿಂದಿನ ವರ್ಷ ಬಂದಿದ್ದವರಲ್ಲಿ ಐದಾರು ಮುಖ ಮಾತ್ರ ಕಂಡವು. ಅವಳು ಕೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಆ ಟೀಚರು ನಾನೇ ಅಂದೆ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿದರು. ಒಬ್ಬರು ಕೈ ಮುಗಿದು "ದೊಡ್ಡ ಮನಸ್ಸು ನಿಮ್ದು" ಅಂದರು. ಅವಳಿಗೆ ಬರಬೇಕಿದ್ದ ಉತ್ತರದ ಜಾಗದಲ್ಲಿ ನನಗೆ ಹೊಗಳಿಕೆ ಬಂದಿತ್ತು. ಮನೆ ಕೊಡುತ್ತೇವೆ ಅಂತ ಒಬ್ಬರೂ ಹೇಳಲಿಲ್ಲ. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಇಳಿದು ಬಂದೆ.

ಸಭೆಗೆ ಹೇಳಿದೆ ಅಂತ ಅವಳಿಗೆ ಮೊಬೈಲಿನಲ್ಲಿ ದನಿ ಸಂದೇಶ ಕಳಿಸಿದೆ, ಚಪ್ಪಾಳೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಮೂರು ದಿನದ ಮೇಲೆ ಉತ್ತರ ಬಂತು. ತನ್ನ ಹೊಸ ಕೆಲಸದ ಸುದ್ದಿ ಹೇಳಿದಳು, ಮಾನ್ವಿಯ ಆ ತಾಯಿಯ ಮೊಣಕಾಲು ನೋವು ಹೇಗಿದೆ, ನೋಡಿ ಬಂದು ತಿಳಿಸಿ ಅಂದಳು. ನಾನು ಹೇಳಿದ್ದರ ಬಗ್ಗೆ ಕೊನೆಯಲ್ಲಿ ಒಂದೇ ಮಾತು: "ನೀವು ಹೇಳಿದ್ದು ಕೇಳೀನ್ರಿ, ಅಕ್ಕೋರ."