ಕುಂಟುವ ಹುಲಿ

ನನ್ನ ತಮ್ಮ ವೃಷಭೇಂದ್ರನಿಗೆ ಕೆಟ್ಟ ಲೈಟು ಕಂಡರೆ ಕೈ ಸುಮ್ಮನಿರುವುದಿಲ್ಲ. ತಾಳವಾಡಿ ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ಅಂಗಡಿ. ಅಂಗಡಿ ಅನ್ನುವುದು ಬಾಯಿಮಾತಿಗೆ, ಒಳಗೆ ಕಾಲಿಡಲು ಜಾಗವಿಲ್ಲ. ದೀಪಾವಳಿ ಬಂತೆಂದರೆ ಜನ ಅಟ್ಟದ ಮೇಲಿನ ಸೀರಿಯಲ್ ಸೆಟ್ಟುಗಳನ್ನು ಚೀಲಕ್ಕೆ ತುರುಕಿಕೊಂಡು ಬಂದು ಸುರಿಯುತ್ತಾರೆ. ಡಿಸೆಂಬರಿನಲ್ಲಿ ಚರ್ಚಿನವರ ನಕ್ಷತ್ರಗಳು. ಇಲಿ ಕಡಿದ ವೈರು, ಕಪ್ಪಾದ ಬಲ್ಬು ಎಲ್ಲವನ್ನೂ ಬಿಚ್ಚಿ, ಎಲ್‌ಇಡಿ ಹಾಕಿ, ಉರಿಸಿ ಕೊಡುತ್ತಾನೆ. ‘ಇದನ್ನು ಬಿಸಾಕಿ ಹೊಸದು ತಗೊಳ್ಳಿ’ ಎಂಬ ಮಾತು ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ. ಹೀಗಿದ್ದರೆ ಉದ್ಧಾರವಾದ ಹಾಗೇ!

ಆದರೆ ಅವನ ಪ್ರಾಣವೆಲ್ಲ ಇದ್ದದ್ದು ಒಂದೇ ಒಂದು ವಸ್ತುವಿನ ಮೇಲೆ. ಅದು ಊರ ಗುಡಿಯ ಮುಂದೆ ಕಟ್ಟಲು ನಮ್ಮಪ್ಪ ಮಾಡಿದ ಹುಲಿ. ಆಳೆತ್ತರದ ಹಲಗೆಯ ಮೇಲೆ ಹುಲಿ ಏರಿದ ಮಾದಪ್ಪನ ಚಿತ್ರ, ಅದರ ತುಂಬ ಸಣ್ಣ ಬಲ್ಬು. ಹಿಂದೆ ಮರದ ಉರುಳೆಯೊಂದು ಮೋಟಾರಿನಿಂದ ತಿರುಗುತ್ತಿತ್ತು. ಉರುಳೆಗೆ ಬಡಿದ ಹಿತ್ತಾಳೆ ತಗಡು ತಂತಿಗೆ ತಾಗಿದಾಗ ಒಂದೊಂದೇ ಕಾಲು ಹೊತ್ತಿಕೊಂಡು ಹುಲಿ ನಡೆದಂತೆ ಕಾಣುತ್ತಿತ್ತು. ತಗಡು ಸವೆದು, ಉರುಳೆ ಅಲುಗಾಡತೊಡಗಿದ ಮೇಲೆ ಹಿಂಗಾಲು ಒಮ್ಮೆ ತಡವಾಗಿ ಹತ್ತುವುದು, ಒಮ್ಮೆ ಹತ್ತದೇ ಇರುವುದು. ಊರವರು ಅದಕ್ಕೆ ‘ಕುಂಟುಲಿ’ ಎಂದೇ ಹೆಸರಿಟ್ಟರು. ಕೊನೆಗೆ ಅದನ್ನಿಳಿಸಿ, ಗುಡಿಗೆ ಸತ್ಯಮಂಗಲದಿಂದ ಹೊಸ ಸೆಟ್ಟೇ ಬಂತು. ತಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ತಿಗನಾರೆಯಲ್ಲಿ ನನ್ನ ರಾಗಿ ಹೊಲದಾಚೆ ಕಾಡು. ನಡುವೆ ತೋಡಿದ ಕಂದಕ ಮಣ್ಣು ಕುಸಿದು ಆನೆಗೆ ದಾರಿಯಾಗಿದೆ. ತಮ್ಮ ಆ ಹುಲಿಯನ್ನು ಗಾಡಿಯಲ್ಲಿ ತಂದು ಕಾಡಿನ ಕಡೆಗೆ ಮುಖ ಮಾಡಿ ನೆಟ್ಟ. ನಾನು ನಕ್ಕೆ. ನಗಬಾರದಿತ್ತು, ಆ ವರ್ಷ ಆನೆಗಳು ಕಂದಕದವರೆಗೆ ಬಂದು, ನಿಂತು, ಹಿಂದಿರುಗಿದವು. ರಾಗಿ ಪೂರ್ತಿ ಮನೆಗೆ ಬಂತು.

ಮರುವರ್ಷ ಬಲ್ಬುಗಳು ಸಾಲಾಗಿ ಹೋದವು. ಅಂಥವು ಈಗ ಎಲ್ಲೂ ಸಿಗುವುದಿಲ್ಲ. ತಮ್ಮ ಹಲಗೆ ಬಿಚ್ಚಿ, ಬಣ್ಣ ಬಳಿದು, ಎಲ್‌ಇಡಿ ಕೂರಿಸಿ, ಬ್ಯಾಟರಿ ಕೊಟ್ಟ. ಉರುಳೆ ತೆಗೆದು ಅಂಗೈಯಗಲದ ಸರ್ಕ್ಯೂಟು ಹಾಕಿದ. ಕಾರ್ತಿಕ ಸೋಮವಾರ ಊರವರನ್ನು ಕರೆದು ಹೊಲದಲ್ಲೇ ಪೂಜೆ ಮಾಡಿ ಹೊತ್ತಿಸಿದ. ಅಬ್ಬಬ್ಬಾ! ನಾಲ್ಕೂ ಕಾಲು ತಾಳ ತಪ್ಪದೆ ನಡೆದವು.

"ಈಗ ಯಾವೋನಾದ್ರೂ ಕುಂಟುಲಿ ಅನ್ಲಿ ನೋಡ್ತೀನಿ!" ಎಂದು ಎದೆ ಸೆಟೆಸಿದ. ನನಗೂ ಹೆಮ್ಮೆಯೇ ಆಯಿತು.

ತೆನೆ ಬಲಿತು ಇನ್ನೇನು ಕುಡುಗೋಲು ಹಾಕಬೇಕು, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಾಡಿನ ಕಡೆಯ ರಾಗಿ ನೆಲಸಮ. ಆನೆ ಹುಲಿಗೆ ಹೆದರುವುದಿರಲಿ, ಹಲಗೆಗೆ ಬೆನ್ನುಜ್ಜಿ ಹೋಗಿತ್ತು. ಮಾದಪ್ಪನ ಮುಖದ ತುಂಬ ಕೆಸರು. ವರ್ಷವಿಡೀ ಉಣ್ಣುವ ಹಿಟ್ಟು ಅದು. ಉಳಿದರ್ಧವೂ ಹೋದರೆ ಮನೆಯವರಿಗೆಲ್ಲ ಏನು ಬೇಯಿಸಿ ಹಾಕಲಿ? ಸುದ್ದಿ ಕೇಳಿ ಓಡಿಬಂದ ತಮ್ಮನ ಮೇಲೆ ಹರಿಹಾಯ್ದೆ.

"ಗಣಪನ್ನ ಮಾಡಕ್ಕೋಗಿ ಅವ್ರಪ್ಪನ್ನ ಮಾಡ್ದಲ್ಲೋ! ಚೆನ್ನಾಗಿದ್ದಿದ್ನ ಯಾಕ್ಲಾ ಮುಟ್ದೆ? ಈ ವರ್ಸ ನನ್ ಮನೇಲಿ ಮುದ್ದೆ ಕೇಳ್ಬುಟ್ಟೀಯ, ಇಕ್ಕಕ್ಕಿಲ್ಲ ಓಗು!"

ತಮ್ಮ ಬದುವಿನ ಮೇಲೆ ತಲೆ ತಗ್ಗಿಸಿ ಕುಳಿತ. ಆಗ ಪಕ್ಕದ ಹೊಲಕ್ಕೆ ಕಾವಲಿರುವ ಮಾದೇವಮ್ಮ ಅಟ್ಟಣೆಯಿಂದಿಳಿದು ಬಂದಳು.

"ಬಯ್ಬೇಡ ಕಣವ್ವ. ಮೊದ್ಲು ಆ ಉಲಿ ಯಾವಾಗ ಕಾಲೆತ್ತುತ್ತೋ ನಂಗೇ ತಿಳೀತಿರ್ನಿಲ್ಲ. ನೋಡ್ತಾ ಕುಂತ್ರೆ ಎದೆ ಧಸಕ್ ಅನ್ನದು. ಈಗ ಕಣ್ಮುಚ್ಕೊಂಡೇ ಏಳ್ಬುಡ್ತೀನಿ, ಮುಂದ್ಕಾಲು ಇಂದ್ಕಾಲು, ಮುಂದ್ಕಾಲು ಇಂದ್ಕಾಲು. ನಂಗೇ ಗೊತ್ತಾಗೋಯ್ತು, ಆನೆಗೆ ಗೊತ್ತಾಗಲ್ವಾ?"

ತಮ್ಮ ತಲೆಯೆತ್ತಿ ಅವಳನ್ನೇ ನೋಡಿದ. ಎದ್ದು ಗಾಡಿ ಹತ್ತಿ ಹೋದ. ಮಧ್ಯಾಹ್ನ ಬಂದಾಗ ಕೈಯಲ್ಲಿ ಅಪ್ಪನ ಉರುಳೆ. ಬಿಸಾಕಿರಲಿಲ್ಲ, ಬಿಸಾಕುವವನೂ ಅಲ್ಲ. ಸರ್ಕ್ಯೂಟು ಕಿತ್ತು, ಎಲ್‌ಇಡಿಯ ತಂತಿಗಳನ್ನು ಉರುಳೆಗೆ ಕೊಟ್ಟು, ಹಳೇ ಟೇಪ್‌ರೆಕಾರ್ಡರಿನ ಮೋಟಾರಿಗೆ ಕಟ್ಟಿದ. ಅಭ್ಯಾಸಬಲ ನೋಡಿ, ಸವೆದ ತಗಡನ್ನು ಸಮ ಮಾಡಲು ಅರ ಕೈಗೆತ್ತಿಕೊಂಡ. ಒಂದು ಗಳಿಗೆ ಹಾಗೇ ಹಿಡಿದಿದ್ದು, ಮತ್ತೆ ಜೇಬಿಗೆ ಹಾಕಿಕೊಂಡ.

"ಅಪ್ಪನ್ ತಗಡು ಎಂಗದೋ ಅಂಗೇ ಇರ್ಲಿ ಬುಡಕ್ಕ" ಎಂದ.

ಹೊತ್ತು ಮುಳುಗುವಾಗ ಸ್ವಿಚ್ಚು ಒತ್ತಿದ. ಮುಂಗಾಲು ಹತ್ತಿತು. ಹಿಂಗಾಲು ಹತ್ತಲಿಲ್ಲ. ಇನ್ನೇನು ಕೆಟ್ಟಿತು ಅನ್ನುವಷ್ಟರಲ್ಲಿ ಫಕ್ಕನೆ ಹತ್ತಿತು. ಕುಂಟ ಅಂದರೆ ಸಿಡಿದೇಳುತ್ತಿದ್ದ ನನ್ನ ತಮ್ಮ ಚಪ್ಪಾಳೆ ತಟ್ಟಿದ.

"ಕುಂಟ್ತಾ ಅದ ಕಣಕ್ಕ! ಎಷ್ಟ್ ಚೆಂದಾಗಿ ಕುಂಟ್ತಾ ಅದ ನೋಡು!"

ಆಮೇಲೆ ಆನೆ ಕಂದಕ ದಾಟಲಿಲ್ಲ. ಉಳಿದ ರಾಗಿಯನ್ನು ಕೊಯ್ದು, ಒಕ್ಕಿ, ಬೀಸಿಸಿದೆವು. ಹೊಸ ಹಿಟ್ಟಿನ ಮೊದಲ ಮುದ್ದೆಯನ್ನು ತಮ್ಮನ ತಟ್ಟೆಗೇ ಇಟ್ಟೆ. ಅವನು ಮುಟ್ಟದೆ ಕುಳಿತ.

"ಇಕ್ಕಕ್ಕಿಲ್ಲ ಅಂದಿದ್ದೆ?"

"ಅದು ಉಲೀನ ನೆಟ್ಗೆ ನಡಸ್ದೋನ್ಗೆ ಕಣ್ಲಾ," ಎಂದು ಇನ್ನಷ್ಟು ಸಾರು ಹುಯ್ದೆ. "ಕುಂಟ್ಸಿದೋನು ಉಣ್ಣು."