ಹನ್ನೆರಡನೆಯ ಸದ್ದು

ದೆವ್ವ, ಅಶರೀರವಾಣಿ ಎಂಬ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಕಲ್ಲು ಒಡೆಯುವ ಜಾಗದಲ್ಲಿ ಜೀವನ ಕಳೆದವನು ನಾನು. ಮದ್ದು ಇಟ್ಟರೆ ಸಿಡಿಯುತ್ತದೆ, ಇಡದಿದ್ದರೆ ಇಲ್ಲ. ನನ್ನ ನಂಬಿಕೆ ಇಷ್ಟೇ ಆಗಿತ್ತು. ಈಗಲೂ ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ಹೇಳದೆ ಸಾಯಲು ಮನಸ್ಸು ಒಪ್ಪುತ್ತಿಲ್ಲ. ಅದರಲ್ಲಿ ನನ್ನದೊಂದು ಸುಳ್ಳು ಸೇರಿದೆ.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ಮೆಟ್ರಿಕ್ ಮುಗಿಸಿ ತೆಂಗಳಿಯಿಂದ ಬಂದು, ವಾಡಿ ಮತ್ತು ಶಹಾಬಾದ್ ನಡುವಿನ ಸುಣ್ಣದ ಕಲ್ಲಿನ ಖಣಿಯೊಂದರಲ್ಲಿ ಆರು ತಿಂಗಳ ತರಬೇತಿಗೆ ಸೇರಿದ್ದೆ. ಅಪ್ರೆಂಟಿಸರು ಐದು ಮಂದಿ ಇದ್ದೆವು, ಕಾಯಂ ಆಗುವುದು ಒಬ್ಬನೇ. "ಆಫೀಸಿನ ನೆರಳಾಗ ಕುಂದ್ರಬ್ಯಾಡ. ಕೆಲಸ ಬಲ್ಲವನ ಬೆನ್ನ ಹತ್ತು, ಅಂವ ಉಂಡಲ್ಲಿ ಉಣ್ಣು," ಎಂದು ಸೋದರಮಾವ ಹೇಳಿ ಕಳಿಸಿದ್ದ. ನಾನು ಖಣಿಯಲ್ಲಿ ಎಲ್ಲರೂ ಉಸ್ತಾದ್ ಎನ್ನುತ್ತಿದ್ದವರ ಬೆನ್ನು ಹತ್ತಿದೆ.

ಅವರು ಚಿತ್ತಾಪುರದವರು. ಬಂಡೆಗೆ ಮದ್ದು ತುಂಬಿ ಸಿಡಿಸುವುದು ಅವರ ಕೆಲಸ. ಬಂಡೆಯ ಮೇಲೆ ಅಂಗೈ ಆಡಿಸಿಯೇ ಅದು ಯಾವ ಕಡೆ ಸೀಳುತ್ತದೆ ಎಂದು ಹೇಳುತ್ತಿದ್ದರು. ವಾರದೊಳಗೆ ನನಗೊಂದು ಗುಟ್ಟು ತಿಳಿಯಿತು. ವರ್ಷಗಟ್ಟಲೆ ಸಿಡಿತ ಕೇಳಿ ಅವರ ಕಿವಿ ಮಂದವಾಗಿತ್ತು. ಮೇಲಿನವರಿಗೆ ತಿಳಿದರೆ ಮನೆಗೆ ಕಳಿಸುತ್ತಿದ್ದರು. ಹೀಗಾಗಿ ನಮ್ಮಿಬ್ಬರ ನಡುವೆ ಮಾತಿಲ್ಲದ ಒಂದು ಕರಾರು ಬೆಳೆಯಿತು. ಅವರು ನನಗೆ ವಿದ್ಯೆ ಕೊಡುವುದು, ನಾನು ಅವರಿಗೆ ಕಿವಿ ಕೊಡುವುದು.

ಕಿವಿ ಏಕೆ ಬೇಕಿತ್ತೆಂದು ಹೇಳುತ್ತೇನೆ. ಮಧ್ಯಾಹ್ನ ಕೂಲಿಯವರೆಲ್ಲ ಬುತ್ತಿ ಬಿಚ್ಚಲು ದೂರ ಹೋದಾಗ ಸಿಡಿಸುತ್ತಿದ್ದೆವು. ಬಂಡೆಯಲ್ಲಿ ಕೊರೆದ ತೂತುಗಳಿಗೆ ಮದ್ದು ತುಂಬಿ, ಒಂದೊಂದಕ್ಕೂ ಬೇರೆ ಬೇರೆ ಉದ್ದದ ಬತ್ತಿ ಇಡುತ್ತಿದ್ದರು. ಒಂದರ ಹಿಂದೆ ಒಂದು ಸಿಡಿಯಬೇಕು, ಎಣಿಸಲು ಬರಬೇಕು ಎಂದು. ತೂತು ಎಷ್ಟೋ ಸದ್ದೂ ಅಷ್ಟು. ಒಂದು ಕಡಿಮೆಯಾದರೂ, ಎಣಿಕೆ ತಪ್ಪಿತೆಂದರೂ, ಮರುದಿನದವರೆಗೆ ಯಾರೂ ಕೆಳಗೆ ಇಳಿಯಬಾರದು. ಉಳಿದ ಮದ್ದು ತಡವಾಗಿ ಸಿಡಿಯಬಹುದು. ಎಣಿಕೆ ಸರಿಯಿದ್ದರೆ ಉಸ್ತಾದರು ಮೊದಲು ಒಬ್ಬರೇ ಇಳಿದು ನೋಡಿ ಸೀಟಿ ಊದುತ್ತಿದ್ದರು. ಆಮೇಲೆ ಉಳಿದವರು.

ಎಣಿಸುವುದು ನನ್ನ ಪಾಲಿನ ಕೆಲಸ. ಕಲ್ಲು ಹೊರುವ ತಿಪ್ಪಮ್ಮ ದಿನಾ ಕೆಣಕುತ್ತಿದ್ದಳು: "ಏನ್ರೀ ಮೆಟ್ರಿಕ್ ಸಾಹೇಬ್ರ, ಅಷ್ಟೆಲ್ಲ ಓದಿದ್ದು ಒಂದು, ಎರಡು ಅನ್ಲಿಕ್ಕೇನ್ರೀ? ಅದು ನಮ್ಮ ಕುರಿ ಕಾಯೋ ಹುಡುಗಗೂ ಬರ್ತದ."

ತರಬೇತಿ ಮುಗಿಯಲು ಒಂದು ವಾರವಿತ್ತು. ನಾವು ದಿನವೂ ಕಲಿತದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಸೂಪರ್‌ವೈಸರ್ ಮರುದಿನ ಅದನ್ನು ನೋಡುವವರಿದ್ದರು. ನಾನು ಹದಿನೈದು ದಿನದಿಂದ ಒಂದಕ್ಷರವೂ ಬರೆದಿರಲಿಲ್ಲ. ಅಂದು ಖಣಿಯ ಅಂಚಿನ ಮಣ್ಣಿನ ದಿಬ್ಬದ ಹಿಂದೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕಳೆದ ದಿನಗಳನ್ನೆಲ್ಲ ಸೃಷ್ಟಿಸುತ್ತಿದ್ದೆ. ಕೆಳಗೆ ಸಿಡಿತ ಶುರುವಾದಾಗ ನನ್ನ ಪೆನ್ಸಿಲು "ಸದ್ದುಗಳನ್ನು ಎಚ್ಚರಿಕೆಯಿಂದ ಎಣಿಸಿದೆನು" ಎಂದು ಬರೆಯುತ್ತಿತ್ತು. ಈ ಮಾತು ಬರೆಯಲು ಇಂದೂ ನಾಚಿಕೆಯಾಗುತ್ತದೆ. ನಾನು ಎಣಿಸಲಿಲ್ಲ.

ಪಕ್ಕದಲ್ಲಿದ್ದ ಉಸ್ತಾದರು ಕೇಳಿದರು: "ಎಷ್ಟ ಆದವೋ ಮೆಟ್ರಿಕ್?"

ಹನ್ನೆರಡು ತೂತು ತುಂಬಿದ್ದು ಗೊತ್ತಿತ್ತು. "ಎಣಿಸಿಲ್ಲ" ಎಂದಿದ್ದರೆ ಅರ್ಧ ದಿನದ ಕೆಲಸ ನಿಲ್ಲುತ್ತಿತ್ತು, ಏಕೆ ನಿಂತಿತೆಂದು ಎಲ್ಲರೂ ಕೇಳುತ್ತಿದ್ದರು, ನನ್ನ ನೌಕರಿ ಅಲ್ಲಿಗೆ ಮುಗಿಯುತ್ತಿತ್ತು. "ಹನ್ನೆರಡೂ ಆದವ್ರೀ," ಎಂದೆ.

ಅವರು ಹೊಗೆ ತಿಳಿಯಾಗುವವರೆಗೆ ಕಾದು ಕೆಳಗಿಳಿದರು. ನಾನು ದಿಬ್ಬದ ಮೇಲೆ ಹೋಗಿ ಕೂತು ಮತ್ತೆ ಪುಸ್ತಕಕ್ಕೆ ಬಾಗಿದೆ. ಬಿಸಿಲು ಸುಣ್ಣದ ಕಲ್ಲಿಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ಗಾಳಿ ಇರಲಿಲ್ಲ. ಹಕ್ಕಿಯ ದನಿಯೂ ಇರಲಿಲ್ಲ. ಇಷ್ಟು ಖಚಿತವಾಗಿ ಹೇಳಬಲ್ಲೆ: ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯಲಿಲ್ಲ, ಬೇರೆ ಯಾರ ದನಿಯೂ ನನ್ನ ಕಿವಿಗೆ ಬೀಳಲಿಲ್ಲ.

ಸೀಟಿ ಕೇಳಬೇಕಾದ ಹೊತ್ತಿಗೆ ಓಡುವ ಹೆಜ್ಜೆ ಕೇಳಿಸಿತು. ತಲೆಯೆತ್ತಿದರೆ ಉಸ್ತಾದರು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಹನ್ನೊಂದು ಅಂತ ಈಗ ಕೂಗ್ತೀಯೇನೋ?" ಎಂದರು.

ನಾನು ಪುಸ್ತಕ ಮುಚ್ಚಿದೆ. ಅವರು ನನ್ನ ಮುಖ ನೋಡಿದರು, ತೊಡೆಯ ಮೇಲಿನ ಪುಸ್ತಕ ನೋಡಿದರು. ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗೆ ಹನ್ನೆರಡನೆಯದು ಸಿಡಿಯಿತು. ಅವರು ನಿಂತು ನೋಡಬೇಕಾಗಿದ್ದ ಜಾಗದಲ್ಲಿ ಎತ್ತಿನಷ್ಟು ದೊಡ್ಡ ಬಂಡೆ ಬಂದು ಬಿದ್ದಿತ್ತು.

ಜನ ಓಡಿಬಂದರು. ಸೂಪರ್‌ವೈಸರ್ ಏನಾಯಿತೆಂದು ಕೇಳಿದರು. ಉಸ್ತಾದರು ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ಹುಡುಗ ನನ್ನ ಜೀವ ಉಳಿಸ್ಯಾನ್ರೀ. ಹನ್ನೊಂದೇ ಆಗ್ಯಾವ, ಮ್ಯಾಲ ಬರ್ರಿ ಅಂತ ಕೂಗಿದ," ಎಂದರು.

"ನಾ ಆ ಗಿಡದ ಬುಡಕ್ಕೇ ಇದ್ದೆ. ನನಗ್ಯಾಕ ಕೇಳ್ಸಿಲ್ಲ?" ಎಂದಳು ತಿಪ್ಪಮ್ಮ, ದಿಬ್ಬದಾಚೆಯ ಮರ ತೋರಿಸಿ.

"ನಿನ್ನ ಬಾಯಿ ಮುಚ್ಚಿದ್ರ ತಾನೇ ನಿನಗ ಕೇಳ್ಸೋದು," ಎಂದ ಯಾರೋ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಲ್ಲ, ನಾನು ಕೂಗಲಿಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು ಅನ್ನಲಿಲ್ಲ. ತರಬೇತಿಯ ಪ್ರಮಾಣಪತ್ರದಲ್ಲಿ "ಅಪಾಯದ ಸಮಯದಲ್ಲಿ ಎಚ್ಚರ ತೋರಿದವನು" ಎಂದು ಬರೆದರು. ಐವರಲ್ಲಿ ಕಾಯಂ ಆದವನು ನಾನು. ಅದೇ ಅನ್ನದಿಂದ ಮಕ್ಕಳನ್ನು ಸಾಕಿದೆ. ನನ್ನ ಕೈಕೆಳಗೆ ಕಲಿಯಲು ಬಂದ ಹುಡುಗರಿಗೆಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದೇ ಮೊದಲ ಪಾಠ ಎಂದು ಹೇಳಿಕೊಟ್ಟೆ.

ಹತ್ತು ಹನ್ನೆರಡು ವರ್ಷಗಳ ಮೇಲೆ, ಉಸ್ತಾದರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಚಿತ್ತಾಪುರಕ್ಕೆ ಹೋದೆ. ಹೊರಸಿನ ಪಕ್ಕ ಕೂತು ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಮಾತು ಶುರುಮಾಡಿದೆ. ಅವರು ನನ್ನ ಗದ್ದ ಹಿಡಿದು ಮುಖವನ್ನು ತಮ್ಮ ಕಣ್ಣೆದುರಿಗೆ ತಂದರು.

"ಯಾಕ ಒದರ್ತಿ? ಇಲ್ಲಿ ಕುಂತು ಸಾವಕಾಶ ಮಾತಾಡು, ತುಟಿ ಕಾಣ್ಲಿ. ನೀ ಖಣಿಗಿ ಬರೋಕಿಂತ ಎರಡು ವರ್ಷ ಮದ್ಲೇ ನನ್ನ ಕಿವಿ ಪೂರಾ ಹೋಗ್ಯಾವ, ಬೇಟಾ. ನಿನ್ನ ದನಿ ಹ್ಯಾಂಗದ ಅಂತ ನನಗ ಇವತ್ತಿಗೂ ಗೊತ್ತಿಲ್ಲ."

"ಮತ್ತ ಅವತ್ತು ಕೇಳಿದ್ದು?" ಎಂದೆ.

"ಕೇಳಿದ್ದು ಖರೇ. ನಾ ತಿರುಗಿ ಮ್ಯಾಲ ನೋಡಿದೆ. ನೀ ತಲಿ ಬಗ್ಗಿಸಿ ಬರೀಲಿಕತ್ತಿದ್ದಿ, ಬಾಯಿ ಮುಚ್ಚಿತ್ತು. ಮಂದಿಗಿ ಏನಂತ ಹೇಳ್ಲಿ? ಕಿವುಡಗ ಕೇಳ್ಸಿತು ಅಂತ ಹೇಳ್ಲೇನು? ನಿನಗ ನೌಕರಿ ಬೇಕಿತ್ತು, ನನಗೂ ಬೇಕಿತ್ತು."

ನಾನು ಅತ್ತುಬಿಟ್ಟೆ. ಅವರು ಬಡಕಲು ಅಂಗೈಯನ್ನು ನನ್ನ ಗಂಟಲ ಮೇಲೆ ಒತ್ತಿ ಇಟ್ಟರು. "ಈಗ ಹೇಳು," ಎಂದರು.

"ಉಸ್ತಾದ್ರ, ನಾ ಎಣಿಸಿದ್ದಿಲ್ಲ. ನಾ ಕೂಗಿದ್ದಿಲ್ಲ. ಸುಳ್ಳು ಹೇಳಿದೆ," ಎಂದೆ.

ಬಂಡೆಯ ಮೇಲೆ ಕೈಯಿಟ್ಟು ಒಳಗಿನ ಸೀಳು ಹುಡುಕುವವರಂತೆ ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕಾದರು. ಆಮೇಲೆ ಕೈ ತೆಗೆದು ತಲೆಯಾಡಿಸಿದರು.

"ಅವತ್ತಿನ ದನಿ ಇದಲ್ಲ," ಎಂದರು. "ಯಾರದಂತ ನೀನರೆ ಹೇಳ್ತಿ ಅಂತ ಇಷ್ಟು ವರ್ಷ ಕಾದಿದ್ದೆ."