ಸ್ವಾಮಿಗಳ ರಾಕ್ ಬ್ಯಾಂಡು

ಅಡುಗೆಮನೆಯಿಂದ ಮೆಣಸು ಹುರಿಯುವ ಘಾಟು ಬಂದರೆ ನಿಮಗೆ ಸಾರು ನೆನಪಾದೀತು. ನನಗೆ ರಾಕ್ ಸಂಗೀತ ನೆನಪಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಕೊಚ್ಚಿಯ ಪಾಲಾರಿವಟ್ಟಂನ ಫ್ಲ್ಯಾಟಿನಲ್ಲಿ ಪೇಪರು ಹಿಡಿದು ಕೂತವನಿಗೆ ಸಾಲಾಗಿ ಸೀನು ಬಂದವು. ಸೀನು ನಿಂತಾಗ ನೋಡಿದರೆ, ಬೆರಳುಗಳು ಪೇಪರಿನ ಅಂಚಿನ ಮೇಲೆ ತಾವಾಗಿಯೇ ಕುಣಿಯುತ್ತಿದ್ದವು. ಮಗಳು ತಲೆಯೆತ್ತಿ, "ಅಪ್ಪ ತುಡಂಗಿ" ಎಂದಳು. ಅಪ್ಪ ಶುರು ಮಾಡಿದರು ಅಂತ ಅರ್ಥ. ಅವಳಿಗೆ ಕನ್ನಡ ಚೆನ್ನಾಗಿಯೇ ತಿಳಿಯುತ್ತದೆ, ಆದರೆ ನನ್ನನ್ನು ಗೇಲಿ ಮಾಡುವುದಕ್ಕೆ ಮಲಯಾಳವೇ ಆಗಬೇಕು.

ಮೆಣಸಿಗೂ ರಾಕ್ ಸಂಗೀತಕ್ಕೂ ಏನು ಸಂಬಂಧ ಅನ್ನುತ್ತೀರಿ. ನಮ್ಮ ಬ್ಯಾಂಡು ಹುಟ್ಟಿದ್ದೇ ಮಟ್ಟಾಂಚೇರಿಯ ಒಂದು ಮಸಾಲೆ ಗೋದಾಮಿನಲ್ಲಿ. ಗಿಟಾರು ಬಾರಿಸುವ ಜೋಬಿಯ ಮಾವನದು ಅದು. ಭಾನುವಾರ ವ್ಯಾಪಾರವಿಲ್ಲದ್ದರಿಂದ ಬೀಗದ ಕೈ ನಮಗೆ ಕೊಡುತ್ತಿದ್ದರು. ಮಾಡಿನವರೆಗೆ ಪೇರಿಸಿದ ಮೆಣಸು, ಒಣಶುಂಠಿಯ ಚೀಲಗಳು ಸದ್ದನ್ನೆಲ್ಲ ನುಂಗಿಬಿಡುತ್ತಿದ್ದವು. ನಾವು ಎಷ್ಟು ಕೆಟ್ಟದಾಗಿ ಬಾರಿಸಿದರೂ ಬೀದಿಗೆ ಕೇಳುತ್ತಿರಲಿಲ್ಲ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ನಾವು ನಾಲ್ವರು. ಮೈಸೂರಿನಿಂದ ಬ್ಯಾಂಕಿನ ಕೆಲಸಕ್ಕೆಂದು ಬಂದ ನಾನು ಬೇಸ್ ಗಿಟಾರು. ಆರು ತಂತಿಯದನ್ನು ಕಲಿಯಲು ಹೋಗಿ, ಆಗದೆ, ನಾಲ್ಕು ತಂತಿಯದಕ್ಕೆ ಬಂದು ನಿಂತವನು. ನಾನು ಬಾರಿಸಿದ್ದು ಯಾರಿಗೂ ಕೇಳುವುದಿಲ್ಲ. ನಿಲ್ಲಿಸಿದರೆ ಮಾತ್ರ ಏನೋ ಕಮ್ಮಿಯಾಯಿತಲ್ಲ ಅನ್ನುತ್ತಾರೆ. ಜೋಬಿ ಮಿತಭಾಷಿ. ಏನೇ ಅನಾಹುತವಾದರೂ "ಸಾರಮಿಲ್ಲ ಚೇಟ್ಟಾ", ಪರವಾಗಿಲ್ಲ ಅಣ್ಣಾ, ಎಂದು ನಮ್ಮ ಬೆನ್ನು ತಟ್ಟಿ ತಂತಿ ಬಿಗಿ ಮಾಡುತ್ತಾನೆ. ಹಾಡುವವನು ಪಾಟೀಲ, ಧಾರವಾಡದವನು, ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಅಧಿಕಾರಿ. ಡ್ರಮ್ಮು ಬಾರಿಸುವವನು ಕಾಸರಗೋಡಿನ ಉದಯ, ಅವನೂ ಕೇಂದ್ರ ಸರ್ಕಾರದ ನೌಕರನೇ. ನಮ್ಮ ಸಂಕಟವೆಲ್ಲ ಈ ಕೊನೆಯ ಇಬ್ಬರದು.

ಪಾಟೀಲನಿಗೆ ಒಂದು ಸಾಲು ಹಿಡಿಸಿತೆಂದರೆ ಅಲ್ಲೇ ಬಿಡಾರ ಹೂಡಿಬಿಡುತ್ತಾನೆ. ಉದಯನಿಗೆ ಸ್ಟಿಕ್ಕು ಕೈಗೆ ಬಂದರೆ ಸಾಕು, ರೈಲು ತಪ್ಪಿಹೋಗುತ್ತದೆಂಬ ಅವಸರ. ಹಾಡಿನ ಶುರುವಿಗೆ ಇಬ್ಬರೂ ಜೊತೆಗಿದ್ದರೆ, ಮುಗಿಯುವಾಗ ಒಬ್ಬ ಆಲುವಾದಲ್ಲಿ, ಇನ್ನೊಬ್ಬ ಆಲಪ್ಪುಳದಲ್ಲಿ. ನಾನೂ ಜೋಬಿಯೂ ನಡುವೆ ಯಾರ ಹಿಂದೆ ಹೋಗುವುದೆಂದು ತಿಳಿಯದೆ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಮೊದಲ ವರ್ಷವೇ ತಿರುವನಂತಪುರದ ಒಂದು ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕರೆದರು. ರಾಜ್ಯೋತ್ಸವ ನವೆಂಬರ್ ಒಂದಕ್ಕೇ ಆಗಬೇಕೆಂದು ಹೊರನಾಡಿನಲ್ಲಿ ಯಾರೂ ಹಟ ಹಿಡಿಯುವುದಿಲ್ಲ. ಸಭಾಂಗಣ ಸಿಕ್ಕ ದಿನವೇ ರಾಜ್ಯೋತ್ಸವ. ನಮಗೆ ಡಿಸೆಂಬರಿನಲ್ಲಿ ಸಿಕ್ಕಿತು. ಆ ಖುಷಿಯಲ್ಲಿ ತಾಲೀಮಿಗೆ ಕೂತರೆ ಇಬ್ಬರಿಗೂ ಹೊತ್ತಿಕೊಂಡಿತು.

"ಅದು ಡ್ರಮ್ ಅಲ್ಲಲೇ, ಬೆದರಿ ಓಡೋ ಎತ್ತಿನ ಬಂಡಿ" ಎಂದ ಪಾಟೀಲ.

"ನೀನು ಒಂದು ಹಾಡು ಮುಗಿಸುವಾಗ ನನಗೆ ಪೆನ್ಶನ್ ಆಗ್ತದೆ ಮಾರಾಯ" ಎಂದ ಉದಯ, ಸ್ಟಿಕ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ನೇರ ದೋಣಿಕಟ್ಟೆಗೆ ನಡೆದ. ಬ್ಯಾಂಡು ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮರುವಾರ ಸುಮ್ಮನೆ ಹೋಗಿ ಕೂತಿದ್ದೆವು. ಬಾಗಿಲಲ್ಲಿ ಉದಯ. ಕಪ್ಪು ಮುಂಡು, ಬರಿಗಾಲು, ಕುರುಚಲು ಗಡ್ಡ, ಕೊರಳಲ್ಲಿ ಮಾಲೆ. ಅವನ ಅಮ್ಮನ ಕಣ್ಣಿನ ಆಪರೇಷನ್ ಆಗಿತ್ತು, ಅದಕ್ಕೆ ಶಬರಿಮಲೆಗೆ ಹರಕೆ. ಮಾಲೆ ಹಾಕಿದವನು ಸಿಟ್ಟು ಮಾಡುವಂತಿಲ್ಲ, ಎಲ್ಲರನ್ನೂ ಸ್ವಾಮಿ ಎಂದೇ ಕರೆಯಬೇಕು, ಅವನನ್ನೂ ಹಾಗೆಯೇ ಕರೆಯಬೇಕು. ಉದಯ ಪಾಟೀಲನ ಮುಂದೆ ನಿಂತು, "ಸ್ವಾಮೀ, ಸುರು ಮಾಡುವನಾ?" ಎಂದ.

ಬೈಯಲು ತೆರೆದಿದ್ದ ಪಾಟೀಲನ ಬಾಯಿ ಹಾಗೇ ಮುಚ್ಚಿತು. ಆಮೇಲೆ ಚಹಾದ ಅಂಗಡಿಯಲ್ಲಿ ನನ್ನ ಹತ್ತಿರ ಗೊಣಗಿದ. "ಮಾಲಿ ಹಾಕ್ಕೊಂಡಾಂವಗ ಬೈಯೂದು ಹ್ಯಾಂಗ್ರಿ? ನಾ ದೇವರನ್ನ ನಂಬಂಗಿಲ್ಲ, ಖರೆ. ಆದರ ನಮ್ಮವ್ವ ನಂಬ್ತಾಳ."

ಅವನು ಬೈಯಲಾರ, ಇವನು ರೇಗಲಾರ. ಬೇರೆ ದಾರಿಯಿಲ್ಲದೆ ಒಬ್ಬರಿಗೊಬ್ಬರು ಕಿವಿಗೊಟ್ಟರು. ಉದಯನ ವೇಗ ಇಳಿಯಿತು, ಪಾಟೀಲ ಸಾಲು ಬಿಟ್ಟು ಸಾಲಿಗೆ ಹೋಗತೊಡಗಿದ. ನಮ್ಮ ಹಾಡು ಹಾಡಿನ ಹಾಗೆ ಕೇಳಿಸಿದ್ದು ಆಗಲೇ. ತಿರುವನಂತಪುರದಲ್ಲಿ ವೇದಿಕೆಯ ಮೇಲೆ ಕಪ್ಪುಡುಗೆಯ ಸ್ವಾಮಿಯನ್ನು ಕಂಡ ಹಿರಿಯರು ಭಜನೆ ಇರಬೇಕೆಂದು ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. ಗೋಡೆ ನಡುಗುವಂತೆ ಬಾರಿಸಿದೆವು. ಒಬ್ಬರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಬಂದು ಪ್ರಸಾದ ಕೇಳಿದರು. ಜೋಬಿ ಕಿಸೆಯಲ್ಲಿದ್ದ ಪೆಪ್ಪರ್‌ಮೆಂಟು ಕೊಟ್ಟ, ಅವರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಜನವರಿಯಲ್ಲಿ ಉದಯ ಬೆಟ್ಟ ಹತ್ತಿ ಬಂದು ಮಾಲೆ ತೆಗೆದ. ಅದರ ಮರು ಭಾನುವಾರ, ಮೊದಲನೇ ಹಾಡಿನ ಎರಡನೇ ಸಾಲಿಗೇ ಜಗಳ. ಮತ್ತೆ ಮುಂದಿನ ನವೆಂಬರಿನವರೆಗೆ ಗೋದಾಮಿನಲ್ಲಿ ಬರೀ ಶುಂಠಿ. ಮಾವಿನಹಣ್ಣಿಗೆ ಇರುವ ಹಾಗೆ ನಮ್ಮ ಬ್ಯಾಂಡಿಗೂ ಒಂದು ಕಾಲ ಅಂತಾಯಿತು. ಉದಯ ವರ್ಷ ವರ್ಷವೂ ಮಾಲೆ ಹಾಕಿದ, ನಾವು ವರ್ಷ ವರ್ಷವೂ ಬಾರಿಸಿದೆವು. ತಿರುವನಂತಪುರಕ್ಕೆ ವರ್ಗವಾದ ಮೇಲೂ ಬೆಳಗಿನ ರೈಲಿಗೆ ಬರುತ್ತಿದ್ದ. ಬರಬರುತ್ತ ಇವನಿಗೆ ಭಕ್ತಿ ಹೆಚ್ಚಾಗುತ್ತಿದೆ ಎಂದು ನಾವು ಮಾತಾಡಿಕೊಂಡಿದ್ದುಂಟು.

ಈ ವರ್ಷ ಮಳೆಗಾಲದಲ್ಲಿ ಅವನ ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಇನ್ನು ಬೆಟ್ಟ ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಬೆಟ್ಟವಿಲ್ಲ ಅಂದರೆ ಮಾಲೆಯಿಲ್ಲ, ಮಾಲೆಯಿಲ್ಲ ಅಂದರೆ ಬ್ಯಾಂಡಿಲ್ಲ. ನನಗೆ ಬಹಳ ಬೇಜಾರಾಯಿತು. ಬ್ಯಾಂಕಿನವನಲ್ಲದ ನಾನು ಅಂತ ಒಬ್ಬನಿದ್ದರೆ ಅವನು ಆ ಗೋದಾಮಿನಲ್ಲಿ ಮಾತ್ರ ಇದ್ದ.

ಮೂವರೂ ಅವನನ್ನು ನೋಡಲು ಹೋದೆವು. ಉದಯ ಕಾಲು ಚಾಚಿ ಕೂತಿದ್ದ. ಅವನ ಹೆಂಡತಿ ಶೈಲಾ ಚಹಾ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಂದಿಟ್ಟರು. ಪಾಟೀಲನಿಗೆ ಮರುಕವಾದರೆ ಅದು ಬೈಗುಳವಾಗಿಯೇ ಹೊರಡುವುದು. "ಮೊಣಕಾಲು ಸರಿ ಇಲ್ಲಂತ ಗೊತ್ತಿದ್ದೂ ವರ್ಷಾ ಯಾಕ ಗುಡ್ಡ ಹತ್ತತಿದ್ದಿಪಾ?"

ಉದಯ ಕಿಟಕಿಯ ಕಡೆ ನೋಡಿದ. ಉತ್ತರ ಶೈಲಾರಿಂದ ಬಂತು. "ಹರಕೆ ಇದ್ದದ್ದು ಒಂದೇ ವರ್ಷಕ್ಕೆ, ಅತ್ತೆಯ ಕಣ್ಣಿಗೆ. ಮತ್ತಿನದ್ದೆಲ್ಲ ನಿಮ್ಮ ಬ್ಯಾಂಡಿಗೆ. ಮಾಲೆ ಹಾಕದಿದ್ರೆ ಪಾಟೀಲರು ಬರುದಿಲ್ಲ ಅಂತ ಹೇಳ್ತಿದ್ರು ಇವರು."

"ಅಯ್ಯಪ್ಪನ ಹತ್ರ ಹೇಳಿಯೇ ಹತ್ತಿದ್ದು ನಾನು" ಎಂದ ಉದಯ, ಮೆತ್ತಗೆ. "ಸುಳ್ಳೇನೂ ಹೇಳ್ಲಿಲ್ಲ."

ಪಾಟೀಲ ಚಹಾವನ್ನು ತಳದವರೆಗೆ ಕುಡಿದ. ಲೋಟ ಕೆಳಗಿಟ್ಟು, "ಈ ಸಲ ನಾ ಹಾಕ್ಕೋತೀನಿ" ಎಂದ. ಜೋಬಿಗೆ ಕನ್ನಡ ಅಷ್ಟಾಗಿ ಬಾರದು, ಆದರೂ ಅವನು ಈ ಸಲ ಸಾರಮಿಲ್ಲ ಅನ್ನಲಿಲ್ಲ.

ಹೇಳಿದಂತೆಯೇ ಮಾಡಿದ. ಪಾಟೀಲ ಈಗ ಕನ್ನಿಸ್ವಾಮಿ, ಅಂದರೆ ಮೊದಲ ಸಲದವನು. ಸಿಗರೇಟು ಬಿಟ್ಟಿದ್ದಾನೆ, ಸಂಜೆಯ ಮೀನು ಬಿಟ್ಟಿದ್ದಾನೆ. ಬೈಗುಳ ಬಿಡುವುದೇ ಕಷ್ಟವಾಗುತ್ತಿದೆಯಂತೆ. ಕಚೇರಿಯಲ್ಲಿ ಅವನ ಕೈಕೆಳಗಿನವರು ಈ ವ್ರತ ವರ್ಷವಿಡೀ ಇರಲಿ ಎಂದು ಹಾರೈಸುತ್ತಿದ್ದಾರೆ.

ಮೊನ್ನೆ ಭಾನುವಾರ ಉದಯ ರೈಲಿಗೆ ಬಂದ. ಎಡಗಾಲನ್ನು ಶುಂಠಿ ಚೀಲದ ಮೇಲೆ ಚಾಚಿ ಬಾರಿಸಲು ಕೂತ. ಅವನಿಗೆ ಈಗ ಮಾಲೆಯಿಲ್ಲ, ಬೈಯುವ ಹಕ್ಕೆಲ್ಲ ಮರಳಿ ಬಂದಿದೆ. ಇತ್ತ ವ್ರತದ ಶಾಂತಿಯಲ್ಲಿ ಪಾಟೀಲನ ಹಾಡು ಇನ್ನಷ್ಟು ನಿಧಾನವಾಗಿದೆ. ಒಂದು ಸಾಲಿನ ಮೇಲೆ ಅವನು ಎಷ್ಟು ಹೊತ್ತು ನಿಂತನೆಂದರೆ ಉದಯ ಬಾರಿಸುವುದನ್ನೇ ನಿಲ್ಲಿಸಿದ. ಬಾಯಿ ತೆರೆದ, ಪಾಟೀಲನ ಕೊರಳು ನೋಡಿದ, ಬಂದದ್ದನ್ನು ನುಂಗಿಕೊಂಡ.

"ಸ್ವಾಮೀ, ನಿಮಗೆ ಹೇಳ್ಲಿಕ್ಕೆ ಸುಮಾರುಂಟು" ಎಂದ. "ಮಾಲೆ ತೆಗೆದ ಮರು ಭಾನುವಾರ ಹೇಳ್ತೇನೆ. ತಪ್ಪದೆ ಬನ್ನಿ."

ಪಾಟೀಲ ಕೈ ಜೋಡಿಸಿದ. "ಬರ್ತೀನ್ರಿ ಸ್ವಾಮಿ. ನನ್ನ ಕಡೆನೂ ಭಾಳ ಅದಾವ."

ಇಷ್ಟು ವರ್ಷಗಳಲ್ಲಿ ಮಾಲೆ ತೆಗೆದ ಮೇಲಿನ ಭಾನುವಾರಕ್ಕೆ ಬರುತ್ತೇನೆಂದು ಯಾರೂ ಹೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ತಂತಿಯನ್ನು ಸ್ವಲ್ಪ ಹೊತ್ತು ಬಿಗಿ ಮಾಡಿದೆ.